ಬಂಧನವೇ ತೀರ್ಪಲ್ಲ: ಭಯೋತ್ಪಾದನೆ ಪ್ರಕರಣಗಳಲ್ಲಿ ಕಾನೂನು ಏನು ಹೇಳುತ್ತದೆ?

ಎಲ್ಲೋ ಬಾಂಬ್ ಸಿಡಿಯುತ್ತದೆ, ಯಾರನ್ನೋ ಹಿಡಿಯುತ್ತಾರೆ. ಸಂಜೆಯೊಳಗೆ ಟಿವಿಯಲ್ಲಿ ವಿಚಾರಣೆ ಮುಗಿದು ತೀರ್ಪೂ ಬಂದುಬಿಡುತ್ತದೆ. ‘ಇಂಥವರಿಗೆ ಕಾನೂನು, ವಕೀಲ ಎಲ್ಲ ಯಾಕೆ?’ ಎಂಬ ಮಾತು ಕಟ್ಟೆಯ ಮೇಲೂ ವಾಟ್ಸ್‌ಆ್ಯಪ್‌ನಲ್ಲೂ ಕೇಳುತ್ತದೆ. ಸಿಟ್ಟು ಸಹಜ. ಆದರೆ ಆ ಸಿಟ್ಟಿನ ಬೆನ್ನಿಗೆ ಕೆಲವು ತಪ್ಪು ತಿಳಿವಳಿಕೆಗಳೂ ಅಂಟಿಕೊಂಡಿವೆ.

ತಪ್ಪು ಕಲ್ಪನೆ 1: ಉಗ್ರನೆಂಬ ಆರೋಪ ಬಂದರೆ ಸಂವಿಧಾನದ ಹಕ್ಕುಗಳು ಇರುವುದಿಲ್ಲ.

ಸತ್ಯ: ಬಂಧನಕ್ಕೆ ಕಾರಣವೇನೆಂದು ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯ ಈ ಮಾತು, 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಡಿ, ಅಂದರೆ ಯುಎಪಿಎ ಅಡಿ ಬಂಧಿತರಾದವರಿಗೂ ಅನ್ವಯಿಸುತ್ತದೆ. ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟಿರಲಿಲ್ಲವೆಂದು 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನವನ್ನೇ ಅಸಿಂಧುಗೊಳಿಸಿತು.

ಅಪರಾಧ ನಡೆಯುವ ಮೊದಲೇ ಮುನ್ನೆಚ್ಚರಿಕೆಯಾಗಿ ಬಂಧಿಸುವ ಕಾನೂನೂ ಇದೆ, ಆದರೆ ಅದು ಬೇರೆ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಇರಿಸಿಕೊಳ್ಳಬಹುದು. ಮೂರು ತಿಂಗಳು ದಾಟಬೇಕಾದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು.

ತಪ್ಪು ಕಲ್ಪನೆ 2: ತನಿಖೆಯ ಹೆಸರಿನಲ್ಲಿ ಎಷ್ಟು ದಿನವಾದರೂ ಒಳಗಿಡಬಹುದು.

ಸತ್ಯ: ತನಿಖೆಗೆ ಹೆಚ್ಚು ಸಮಯ ಕೊಟ್ಟಿದ್ದಾರೆ, ಆದರೆ ಅದಕ್ಕೂ ಮಿತಿಯಿದೆ. ಮುಂಬೈ ದಾಳಿಯ ಬಳಿಕ 2008ರಲ್ಲಿ ಯುಎಪಿಎಗೆ ತಂದ ತಿದ್ದುಪಡಿಯಿಂದ ಪೊಲೀಸ್ ವಶದ ಅವಧಿ 15ರ ಬದಲು 30 ದಿನವಾಯಿತು. ಆರೋಪಪಟ್ಟಿ ಸಲ್ಲಿಸಲು 90 ದಿನ. ತನಿಖೆ ಎಲ್ಲಿಗೆ ಬಂತು, ಆರೋಪಿ ಇನ್ನೂ ಏಕೆ ಒಳಗಿರಬೇಕು ಎಂದು ಸರ್ಕಾರಿ ಅಭಿಯೋಜಕರು ನ್ಯಾಯಾಲಯಕ್ಕೆ ವರದಿ ಕೊಟ್ಟು ಒಪ್ಪಿಸಿದರೆ ಅದು 180 ದಿನವಾಗಬಹುದು. ಅಷ್ಟರೊಳಗೆ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು.

ಈ ಗಡುವಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಬೆಂಗಳೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಸಂಚಿನ ಆರೋಪದ ಮೇಲೆ ಬಂಧಿತರಾದವರಲ್ಲಿ ಒಬ್ಬ ಯುವ ಪತ್ರಕರ್ತರೂ ಇದ್ದರು. ಗಡುವು ಮುಗಿಯುವ ಹೊತ್ತಿಗೆ ರಾಷ್ಟ್ರೀಯ ತನಿಖಾ ಸಂಸ್ಥೆ, ಅಂದರೆ ಎನ್‌ಐಎ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 2013ರ ಫೆಬ್ರವರಿಯಲ್ಲಿ ಅವರು ಹೊರಬಂದರು. ಅದೇ ಪ್ರಕರಣದ ಬೇರೆ ಆರೋಪಿಗಳು ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು.

ತಪ್ಪು ಕಲ್ಪನೆ 3: ಜಾಮೀನು ಸಿಗಲಿಲ್ಲವೆಂದರೆ ಅಪರಾಧ ಮಾಡಿದ್ದಾನೆಂದೇ ಅರ್ಥ.

ಸತ್ಯ: ಯುಎಪಿಎಯ 43ಡಿ(5) ಸೆಕ್ಷನ್ ಪ್ರಕಾರ, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೂ ಸಾಕು, ಜಾಮೀನು ಕೊಡುವಂತಿಲ್ಲ. ಈ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ಕೆದಕಬಾರದೆಂದು 2019ರ ವಟಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದಮೇಲೆ ಜಾಮೀನು ನಿರಾಕರಣೆ ಅಪರಾಧವನ್ನು ಸಾಬೀತು ಮಾಡುವುದಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಯೂ ಇಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಕೆ.ಎ. ನಜೀಬ್ ಅವರ ವಿಚಾರಣೆ ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲವೆಂದು ಕಂಡು, 2021ರಲ್ಲಿ ಅದೇ ನ್ಯಾಯಾಲಯ ಅವರ ಜಾಮೀನನ್ನು ಎತ್ತಿಹಿಡಿಯಿತು.

ತಪ್ಪು ಕಲ್ಪನೆ 4: ಪೊಲೀಸರ ಮುಂದೆ ಬಾಯಿಬಿಟ್ಟ ಮೇಲೆ ಇನ್ನೇನು ಸಾಕ್ಷ್ಯ ಬೇಕು?

ಸತ್ಯ: ಹಿಂದೆ ಜಾರಿಯಲ್ಲಿದ್ದ ಭಯೋತ್ಪಾದನೆ ತಡೆ ಕಾಯ್ದೆಗಳಾದ ಟಾಡಾ ಮತ್ತು ಪೋಟಾ ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪುತ್ತಿದ್ದವು. 1995ರಲ್ಲಿ ಟಾಡಾದ ಅವಧಿ ಮುಗಿಯಿತು, 2004ರಲ್ಲಿ ಪೋಟಾ ರದ್ದಾಯಿತು. ಯುಎಪಿಎಯಲ್ಲಿ ಅಂಥ ಅವಕಾಶವಿಲ್ಲ. 2002ರ ಅಕ್ಷರಧಾಮ ದಾಳಿಯ ಪ್ರಕರಣ ಪೋಟಾ ಅಡಿ ನಡೆಯಿತು. ಅಲ್ಲಿನ ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದ ಸುಪ್ರೀಂ ಕೋರ್ಟ್, 2014ರ ಮೇ 16ರಂದು ಆರು ಮಂದಿಯನ್ನೂ ಬಿಡುಗಡೆ ಮಾಡಿತು. ಅವರಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದವರೂ ಇದ್ದರು. ಇದರಲ್ಲಿ ಸೋತವರು ಒಬ್ಬಿಬ್ಬರಲ್ಲ: ಅಮಾಯಕರ ವರ್ಷಗಳು ಜೈಲಿನಲ್ಲಿ ಕಳೆದವು, ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೂ ನ್ಯಾಯ ಸಿಗಲಿಲ್ಲ.

ತಪ್ಪು ಕಲ್ಪನೆ 5: ವಕೀಲರನ್ನು ಕೊಟ್ಟರೆ ಉಗ್ರರು ತಪ್ಪಿಸಿಕೊಳ್ಳುತ್ತಾರೆ.

ಸತ್ಯ: ಮುಂಬೈ ದಾಳಿಯಲ್ಲಿ ಜೀವಂತ ಸಿಕ್ಕಿಬಿದ್ದ ಅಜ್ಮಲ್ ಕಸಬ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅವನಿಗೂ ವಕೀಲರನ್ನು ನೇಮಿಸಲಾಯಿತು. ಸುಪ್ರೀಂ ಕೋರ್ಟ್‌ನಲ್ಲಿ ಹಿರಿಯ ವಕೀಲ ರಾಜು ರಾಮಚಂದ್ರನ್ ಅವನ ಪರ ವಾದಿಸಿದರು. 2010ರ ಮೇ ತಿಂಗಳಲ್ಲಿ ಗಲ್ಲು ಶಿಕ್ಷೆಯ ತೀರ್ಪು ಬಂತು, 2012ರ ನವೆಂಬರ್ 21ರಂದು ಅದು ಜಾರಿಯಾಯಿತು. ಅದೇ ವಿಚಾರಣೆಯಲ್ಲಿ ಇಬ್ಬರು ಭಾರತೀಯ ಆರೋಪಿಗಳು ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ಒಂದೇ ನ್ಯಾಯಾಲಯ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಿದ್ದಕ್ಕೇ ಆ ತೀರ್ಪಿಗೆ ತೂಕ ಬಂತು.

ಆರೋಪಿಯ ಪರ ಯಾರೂ ವಾದಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯ ಅಸಿಂಧು ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2020ರಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹುಬ್ಬಳ್ಳಿ ವಕೀಲರ ಸಂಘ ಇಂಥದೇ ನಿರ್ಣಯ ಮಾಡಿದಾಗ ನಮ್ಮ ಹೈಕೋರ್ಟ್ ಅದನ್ನು ಕಟುವಾಗಿ ಆಕ್ಷೇಪಿಸಿತು.

ಭದ್ರತೆ ಮತ್ತು ಹಕ್ಕುಗಳ ನಡುವಿನ ನಿಜವಾದ ಸಮಸ್ಯೆ ಇರುವುದು ವಿಳಂಬದಲ್ಲಿ. ವಿಶೇಷ ನ್ಯಾಯಾಲಯಗಳು ಪ್ರತಿದಿನ ವಿಚಾರಣೆ ನಡೆಸಬೇಕೆಂದು 2008ರ ಎನ್‌ಐಎ ಕಾಯ್ದೆಯೇ ಹೇಳುತ್ತದೆ. ಜಾಮೀನು ಕಷ್ಟವಾಗಿರುವ ಕಡೆ ವಿಚಾರಣೆಯೂ ನಿಧಾನವಾದರೆ, ತೀರ್ಪಿಗೆ ಮೊದಲೇ ಶಿಕ್ಷೆ ಮುಗಿದಿರುತ್ತದೆ. ಆದ್ದರಿಂದ ಮುಂದಿನ ಬಾರಿ ‘ಶಂಕಿತ ಉಗ್ರನ ಬಂಧನ’ ಎಂಬ ಸುದ್ದಿ ಓದಿದಾಗ ‘ಶಂಕಿತ’ ಎಂಬ ಪದವನ್ನು ಬಿಟ್ಟು ಓದಬೇಡಿ. ಆರೋಪಪಟ್ಟಿ ಯಾವಾಗ, ವಿಚಾರಣೆ ಎಂದು ಶುರು ಎಂದು ಕೇಳಿ. ಸತ್ತವರ ಮನೆಯವರಿಗೂ ಒಳಗಿರುವವನಿಗೂ ಬೇಕಾಗಿರುವುದು ಆ ಪ್ರಶ್ನೆಗಳ ಉತ್ತರ.