ಮೀನು ಮರಳಿ ಬಂದ ಸರೋವರ

ಅಮೆರಿಕದ ಉತ್ತರ ಗಡಿಯಲ್ಲಿರುವ ಮಿನ್ನೆಸೋಟ ರಾಜ್ಯವು ತನ್ನನ್ನು ‘ಹತ್ತು ಸಾವಿರ ಸರೋವರಗಳ ನಾಡು’ ಎಂದು ವಾಹನಗಳ ನಂಬರ್ ಪ್ಲೇಟುಗಳ ಮೇಲೆಯೇ ಬರೆದುಕೊಂಡಿದೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ಹತ್ತು ಎಕರೆ ಮೀರಿದವನ್ನು ಮಾತ್ರ ಎಣಿಸಿದರೂ ಅವುಗಳ ಸಂಖ್ಯೆ 11,842. ಇವುಗಳ ಪೈಕಿ ಸಂಪೂರ್ಣವಾಗಿ ಆ ರಾಜ್ಯದೊಳಗೇ ಇರುವ ಅತಿ ದೊಡ್ಡ ಸರೋವರದ ಹೆಸರು ರೆಡ್ ಲೇಕ್. ಕಿರಿದಾದ ಜಲಸಂಧಿಯೊಂದರಿಂದ ಕೂಡಿಕೊಂಡ ಮೇಲಿನ ಮತ್ತು ಕೆಳಗಿನ ಎರಡು ಭಾಗಗಳು ಸೇರಿ ಅದರ ವಿಸ್ತಾರ ಸಾವಿರದ ನೂರು ಚದರ ಕಿಲೋಮೀಟರಿಗೂ ಹೆಚ್ಚು. 2007ರಲ್ಲಿ ರಚನೆಯಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ ಏಳುನೂರು ಚದರ ಕಿಲೋಮೀಟರಿಗೆ ತುಸು ಮೇಲಿತ್ತು ಎಂಬುದನ್ನು ನೆನೆದರೆ ಈ ಜಲರಾಶಿಯ ಗಾತ್ರದ ಅಂದಾಜು ಸಿಕ್ಕೀತು. ಆದರೆ ಆಳ? ಮೇಲಿನ ಭಾಗದಲ್ಲಿ ಅತ್ಯಂತ ಆಳವಾದ ಜಾಗವೂ ಇಪ್ಪತ್ತು ಅಡಿ ಮುಟ್ಟುವುದಿಲ್ಲ. ನಮ್ಮ ಬಯಲುಸೀಮೆಯ ಎಷ್ಟೋ ತೆರೆದ ಬಾವಿಗಳು ಇದಕ್ಕಿಂತ ಆಳವಾಗಿವೆ.

ಮಿನ್ನಿಯಾಪೊಲಿಸ್ ನಗರದಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗ, ಆಕೆಯ ಕುಟುಂಬದೊಡನೆ ಈ ಸರೋವರದ ಪೂರ್ವ ದಂಡೆಯ ವಾಸ್ಕಿಷ್ ಎಂಬ ಪುಟ್ಟ ಊರಿನಲ್ಲಿ ಮೂರು ದಿನ ತಂಗಿದ್ದೆ. ಅಳಿಯನಿಗೆ ಮೀನು ಹಿಡಿಯುವ ಹುಚ್ಚು. ನನಗೆ ನೋಡುವ ಹುಚ್ಚು. ಸುತ್ತಲೂ ಮೈಲುಗಟ್ಟಲೆ ಜೌಗು ನೆಲ. ಅಲ್ಲಿಂದ ಟ್ಯಾಮರಾಕ್ ಹೊಳೆ ಹೊತ್ತು ತರುವ ನೀರು ಹಾಲಿಲ್ಲದ ಚಹದ ಬಣ್ಣದ್ದು. ಹದಿನೇಳು ಅಡಿಯ ಅಲ್ಯೂಮಿನಿಯಂ ದೋಣಿಯಲ್ಲಿ ದಂಡೆ ಕಾಣದಷ್ಟು ದೂರ ಸಾಗಿದರೂ ಆಳ ತೋರಿಸುವ ಯಂತ್ರದಲ್ಲಿ ಎಂಟು ಅಡಿ, ಒಂಬತ್ತು ಅಡಿ ಎಂದೇ ಬರುತ್ತಿತ್ತು. ಆಳವಿಲ್ಲದ ನೀರೆಂದರೆ ಅಪಾಯವಿಲ್ಲದ ನೀರೆಂದು ತಿಳಿಯುವಂತಿಲ್ಲ. ಅಗಲವಾದ, ತೆಳುವಾದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆಗಳು ಒತ್ತೊತ್ತಾಗಿ, ನೆಟ್ಟಗೆ ಏಳುತ್ತವೆ. ಒಂದನ್ನು ಇಳಿಯುವ ಮೊದಲೇ ಇನ್ನೊಂದು ಮೂತಿಗೆ ಬಡಿಯುತ್ತದೆ. ಎರಡನೆಯ ದಿನ ಮಧ್ಯಾಹ್ನ ಪಶ್ಚಿಮದ ಗಾಳಿ ಎದ್ದದ್ದೇ ತಡ, ಅನುಭವಸ್ಥರೆಲ್ಲ ದೋಣಿ ತಿರುಗಿಸಿ ಹೊಳೆಯ ಬಾಯಿಗೆ ಮರಳಿದರು. ನಾವೂ ಅವರನ್ನೇ ಹಿಂಬಾಲಿಸಿದೆವು.

ಅಲ್ಲಿಗೆ ಜನ ಬರುವುದು ವಾಲ್‌ಐ ಎಂಬ ಮೀನಿಗಾಗಿ. ಕಣ್ಣಿನ ಹಿಂದಿನ ಪೊರೆ ಬೆಳಕನ್ನು ಮರಳಿಸುವುದರಿಂದ ಅದರ ಕಣ್ಣು ಗಾಜಿನ ಗೋಲಿಯಂತೆ ಹೊಳೆಯುತ್ತದೆ. ಮಬ್ಬು ನೀರಿನಲ್ಲಿಯೂ ಕತ್ತಲಿನಲ್ಲಿಯೂ ಬೇಟೆಯಾಡುವ ಸಾಮರ್ಥ್ಯ ಅದಕ್ಕಿರುವುದು ಈ ಕಣ್ಣಿನಿಂದಲೇ. ಬಿಳಿಯ, ಮುಳ್ಳು ಕಡಿಮೆಯ ಮಾಂಸ. ಮೇ ತಿಂಗಳಿನಲ್ಲಿ ಋತು ಆರಂಭವಾದಾಗ ಆರೇಳು ಅಡಿ ನೀರಿನಲ್ಲೇ ಸಿಗುತ್ತದೆ. ಸಣ್ಣ ಸೀಸದ ಗುಂಡಿರುವ ಗಾಳಕ್ಕೆ ಬೆರಳುದ್ದದ ಮೀನೊಂದನ್ನು ಸಿಕ್ಕಿಸಿ, ತಳಕ್ಕೆ ಬಿಟ್ಟು, ಮೆಲ್ಲನೆ ಎತ್ತಿ ಇಳಿಸುತ್ತಿರಬೇಕು. ಅಳಿಯ ಎರಡು ಹಿಡಿದ. ನಾನು ಲೈಸೆನ್ಸು ಪಡೆದಿದ್ದರೂ ಒಂದನ್ನೂ ಹಿಡಿಯಲಿಲ್ಲ.

ಈ ಸರೋವರದ ಬಗ್ಗೆ ಬರೆಯಲು ಕಾರಣ ನಮ್ಮ ಗಾಳಕ್ಕೆ ಸಿಕ್ಕ ಮೀನಲ್ಲ. ಈಗ್ಗೆ ಮೂವತ್ತು ವರ್ಷಗಳ ಹಿಂದೆ ಅಲ್ಲಿ ವಾಲ್‌ಐ ಬಹುಮಟ್ಟಿಗೆ ನಾಶವಾಗಿತ್ತು. ಅದು ಮರಳಿ ಬಂದ ಬಗೆಯು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ, ಮುಂದೆ ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ, ಮೀನಿಗಿಂತ ರುಚಿಕರವಾಗಿ ಕಂಡಿತು.

ನೀರಿನ ಮೇಲೆ ಕಣ್ಣಿಗೆ ಕಾಣದ ಗೆರೆಯೊಂದಿದೆ. ಸರೋವರದ ಆರನೆಯ ಐದು ಪಾಲು ಓಜಿಬ್ವೆ ಮೂಲನಿವಾಸಿಗಳಾದ ರೆಡ್ ಲೇಕ್ ಬುಡಕಟ್ಟಿಗೆ ಸೇರಿದೆ. ಮೇಲಿನ ಭಾಗದ ಪೂರ್ವಕ್ಕಿರುವ ಸುಮಾರು 48,000 ಎಕರೆ ಮಾತ್ರ ಮಿನ್ನೆಸೋಟ ರಾಜ್ಯದ್ದು. ನಮ್ಮಂಥ ಹೊರಗಿನವರು ಗಾಳ ಹಾಕಬಹುದಾದದ್ದು ಅಷ್ಟರಲ್ಲೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಕಾರ ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ಕುಟುಂಬವಾರು ತುಂಡು ಮಾಡಿ ಹಂಚುವ ಕಾನೂನುಗಳನ್ನು ತಂದಿತು. ಹಂಚಿದ ತುಂಡುಗಳು ಬಹುಬೇಗ ಮಾರಾಟವಾಗಿ ಅನ್ಯರ ಪಾಲಾದವು. ರೆಡ್ ಲೇಕಿನ ಮುಖಂಡರು 1889ರಲ್ಲಿ ಅಪಾರ ಭೂಮಿಯನ್ನು ಬಿಟ್ಟುಕೊಡಬೇಕಾಗಿ ಬಂದರೂ, ಉಳಿದದ್ದನ್ನು ತುಂಡು ಮಾಡಲು ಒಪ್ಪಲಿಲ್ಲ. ಇಂದಿಗೂ ಆ ನೆಲ ಮತ್ತು ನೀರು ಇಡೀ ಸಮುದಾಯದ ಅವಿಭಕ್ತ ಆಸ್ತಿ.

ಅವಿಭಕ್ತ ಆಸ್ತಿ ಎಂದೊಡನೆ 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಸಿದ್ಧ ಪ್ರಬಂಧದ ನೆನಪಾಗುತ್ತದೆ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಮೇಯಿಸಲು ಹೊರಟು ಕೊನೆಗೆ ಹುಲ್ಲೇ ಇಲ್ಲದಂತಾಗುತ್ತದೆ ಎಂಬ ವಾದ ಅದು. ನಾನು ಎಂ.ಎ. ಓದುವಾಗ ಇದು ಬಹುತೇಕ ವೇದವಾಕ್ಯ. ಪರಿಹಾರ ಎರಡೇ: ಒಂದೋ ಖಾಸಗಿಯವರಿಗೆ ಕೊಡು, ಇಲ್ಲವೇ ಸರ್ಕಾರ ವಹಿಸಿಕೊಳ್ಳಲಿ.

ರೆಡ್ ಲೇಕಿನ ಚರಿತ್ರೆಯ ಮೊದಲರ್ಧ ಹಾರ್ಡಿನ್ ಹೇಳಿದಂತೆಯೇ ನಡೆಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೊದಲ ಮಹಾಯುದ್ಧದ ಆಹಾರದ ಅಭಾವವನ್ನು ನೀಗಲು 1917ರಲ್ಲಿ ಅಲ್ಲಿ ವಾಣಿಜ್ಯ ಮೀನುಗಾರಿಕೆ ಆರಂಭವಾಯಿತು. 1929ರಲ್ಲಿ ಬುಡಕಟ್ಟಿನ ಮೀನುಗಾರರ ಸಹಕಾರ ಸಂಘ ಹುಟ್ಟಿತು. ನೀರಿನೊಳಗೆ ಗೋಡೆಯಂತೆ ನಿಲ್ಲಿಸುವ, ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆಗಳಿಂದ ದಶಕಗಳ ಕಾಲ ಹಿಡಿದರು. ಸಂಘದ ಲೆಕ್ಕಕ್ಕೆ ಬಾರದೆ ಕಳ್ಳತನದಿಂದ ಮಾರಾಟವಾದದ್ದೂ ಬಹಳ. ಗೆರೆಯ ಈಚೆ, ರಾಜ್ಯದ ನೀರಿನಲ್ಲಿ, ಲೈಸೆನ್ಸು ಪಡೆದ ಹವ್ಯಾಸಿಗಳು ತಮ್ಮ ಪಾಲು ತೆಗೆದರು. ಮೀನಿಗೆ ಗೆರೆ ತಿಳಿಯದು. ಆಚೆಯವರು ಬಿಟ್ಟದ್ದು ಈಚೆಯವರಿಗೆ, ಈಚೆಯವರು ಬಿಟ್ಟದ್ದು ಆಚೆಯವರಿಗೆ ಎಂದ ಮೇಲೆ ಬಿಡುವವರು ಯಾರು? ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಮೊಟ್ಟೆಯಿಡುವಷ್ಟು ಬೆಳೆದ ಮೀನುಗಳೇ ಅಪರೂಪವಾದವು.

ಮುಂದೆ ನಡೆದದ್ದು ನನ್ನ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಮೊದಲು ಬಲೆ ಎತ್ತಿದವರು ರಾಜ್ಯ ಸರ್ಕಾರದವರಲ್ಲ. ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದ ಬುಡಕಟ್ಟಿನ ಮೀನುಗಾರರು. 1997ರಲ್ಲಿ ಅವರ ಸಂಘವೇ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಲು ತೀರ್ಮಾನಿಸಿತು. ಮರುವರ್ಷ ಬುಡಕಟ್ಟಿನ ಆಡಳಿತ ಮಂಡಳಿ ತನ್ನ ನೀರಿನಲ್ಲಿ ಮನೆಬಳಕೆಗೂ ವಾಲ್‌ಐ ಹಿಡಿಯಬಾರದೆಂದಿತು. ರಾಜ್ಯವು 1999ರಲ್ಲಿ ತನ್ನ 48,000 ಎಕರೆಯನ್ನು ಮುಚ್ಚಿತು. ಅದೇ ವರ್ಷ ಬುಡಕಟ್ಟು, ರಾಜ್ಯದ ನಿಸರ್ಗ ಸಂಪನ್ಮೂಲ ಇಲಾಖೆ ಹಾಗೂ ಕೇಂದ್ರದ ಇಂಡಿಯನ್ ವ್ಯವಹಾರಗಳ ಬ್ಯೂರೋ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 1999, 2001 ಮತ್ತು 2003ರಲ್ಲಿ ಒಟ್ಟು ಹತ್ತು ಕೋಟಿಗೂ ಹೆಚ್ಚು ಮೀನುಮರಿಗಳನ್ನು ಬಿಟ್ಟರು. ಒಂದು ವರ್ಷ ಬಿಟ್ಟು ಒಂದು ವರ್ಷ ಬಿಟ್ಟದ್ದರಲ್ಲೂ ಉಪಾಯವಿತ್ತು: ಬಿಡದ ವರ್ಷದಲ್ಲಿ ಹುಟ್ಟಿದ ಮೀನು ಕಂಡರೆ ಅದು ಸರೋವರದ್ದೇ ಸಂತಾನ. ಬಿಟ್ಟ ಮರಿಗಳನ್ನೂ ಸುಮ್ಮನೆ ಬಿಡಲಿಲ್ಲ. ಎಲುಬಿನಲ್ಲಿ ಗುರುತು ಉಳಿಯುವಂಥ ಔಷಧದ ನೀರಿನಲ್ಲಿ ಅದ್ದಿ ಬಿಟ್ಟರು. ಹೀಗಾಗಿ ಬೆಳೆದ ಮೀನಿನಲ್ಲಿ ಬಿತ್ತಿದ್ದೆಷ್ಟು, ಹುಟ್ಟಿದ್ದೆಷ್ಟು ಎಂಬುದಕ್ಕೆ ಲೆಕ್ಕ ಸಿಕ್ಕಿತು. 2006ರ ಮೇ ತಿಂಗಳಿನಲ್ಲಿ ಸರೋವರ ಮತ್ತೆ ತೆರೆಯಿತು. ರಾಜ್ಯದ ಕಡೆ ತಲೆಗೆ ಎರಡೇ ಮೀನಿನ ಮಿತಿ. ಬುಡಕಟ್ಟಿನ ಕಡೆ ಮಾರಾಟಕ್ಕಾದರೂ ಮೊದಲಿಗೆ ಗಾಳದಿಂದ ಹಿಡಿದದ್ದು ಮಾತ್ರ.

ನಡುವಿನ ವರ್ಷಗಳಲ್ಲಿ ನಿಸರ್ಗ ತನ್ನದೇ ಒಂದು ಆಟ ಆಡಿತು. ವಾಲ್‌ಐ ಇಲ್ಲದ ನೀರಿನಲ್ಲಿ ಕ್ರಾಪಿ ಎಂಬ ಇನ್ನೊಂದು ಮೀನು ಯಥೇಚ್ಛವಾಗಿ ಬೆಳೆದು, ಅದನ್ನು ಹಿಡಿಯಲು ದೂರದೂರದಿಂದ ಜನ ಬಂದರು. ದಂಡೆಯ ವಸತಿಗೃಹಗಳು ಬದುಕುಳಿದದ್ದಕ್ಕೆ ಅದೂ ಒಂದು ಕಾರಣ. ಯಾವ ಯೋಜನಾ ವರದಿಯಲ್ಲೂ ಇಲ್ಲದ ಪರಿಹಾರಧನ ಎನ್ನೋಣವೇ?

ಹಾರ್ಡಿನ್ ವಾದದಲ್ಲಿದ್ದ ತೊಡಕನ್ನು ಎಲಿನರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ ಬಿಡಿಸಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ. ಯಾರಿಗೂ ಸೇರದ ಆಸ್ತಿ ಬೇರೆ, ಎಲ್ಲೆಯೂ ಸದಸ್ಯತ್ವವೂ ಇರುವ ಸಾಮೂಹಿಕ ಆಸ್ತಿ ಬೇರೆ. ಸಾಮೂಹಿಕ ಒಡೆತನವೇ ರೆಡ್ ಲೇಕನ್ನು ನಾಶದಿಂದ ತಡೆಯಿತು ಎನ್ನಲಾಗದು; ತಡೆಯಲಿಲ್ಲ. ಆದರೆ ‘ಸಾಕು, ನಿಲ್ಲಿಸೋಣ’ ಎನ್ನಬಲ್ಲ ಒಬ್ಬ ಒಡೆಯ ಅಲ್ಲಿದ್ದ. ಆರರಲ್ಲಿ ಐದು ಪಾಲಿನ ಹಕ್ಕುದಾರನೇ ಮೊದಲು ಕೈ ಹಿಂತೆಗೆದಾಗ, ಆರನೆಯವನಿಗೆ ನೆಪ ಉಳಿಯಲಿಲ್ಲ. ಎರಡನೆಯದಾಗಿ, ಎರಡೂ ಕಡೆಯವರು ಒಂದೇ ಲೆಕ್ಕವನ್ನು ನಂಬಿದರು. ಒಬ್ಬರ ಅಂಕಿಯನ್ನು ಇನ್ನೊಬ್ಬರು ಅನುಮಾನಿಸುವ ಜಾಗದಲ್ಲಿ ಯಾವ ಒಪ್ಪಂದವೂ ಒಂದು ಋತು ಬಾಳುವುದಿಲ್ಲ ಎಂಬುದು ಅಂತರ ಇಲಾಖಾ ಸಭೆಗಳಲ್ಲಿ ಕುಳಿತವರಿಗೆಲ್ಲ ಗೊತ್ತು.

ನಮ್ಮ ಕೆರೆಗಳೊಡನೆ ಇದನ್ನು ನೇರವಾಗಿ ಹೋಲಿಸುವುದು ಸರಿಯಾಗದು. ನಮ್ಮಲ್ಲಿ ಕಾಟ್ಲಾ, ರೋಹು ಮರಿಗಳನ್ನು ಗುತ್ತಿಗೆದಾರನೇ ಬಿತ್ತಿ ಬೆಳೆಯುತ್ತಾನೆ. ಅದು ಬೇಸಾಯಕ್ಕೆ ಹತ್ತಿರ. ಆದರೂ ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ನಾನಿದ್ದಾಗ ಕಂಡ ಒಂದು ಸಂಗತಿ ವಾಸ್ಕಿಷಿನಲ್ಲಿ ನೆನಪಾಯಿತು. ಗುತ್ತಿಗೆಯ ಕೊನೆಯ ಬೇಸಿಗೆಯಲ್ಲಿ, ಬಿತ್ತಿದ ಮೀನಿನೊಡನೆ ಯಾರೂ ಬಿತ್ತದ ಗೊದ್ದ, ಕುಚ್ಚು, ಕೊರವಗಳನ್ನೂ ಸಣ್ಣ ಕಣ್ಣಿನ ಬಲೆಯಿಂದ ಬಳಿದು ತೆಗೆದಿದ್ದರು. ದೂರು ಹೇಳಲು ಬಂದ ಊರಿನ ಹಿರಿಯರಿಗೆ ಕೆರೆಯಲ್ಲಿದ್ದ ಹಕ್ಕು, ಗುತ್ತಿಗೆಯ ಹಣ ಎಲ್ಲಿ ಖರ್ಚಾಯಿತೆಂದು ಕೇಳುವಷ್ಟು ಮಾತ್ರ. ನಿಲ್ಲಿಸೆಂದು ಹೇಳುವ ಹಕ್ಕು ಅವರಿಗೆ ಇರಲಿಲ್ಲ. ಗುತ್ತಿಗೆದಾರನಿಗೆ ಮುಂದಿನ ವರ್ಷವಿರಲಿಲ್ಲ. ಕಡತದಲ್ಲಿ ಹರಾಜಿನ ಮೊತ್ತ ಪೈಸೆಯವರೆಗೆ ಇತ್ತು, ಮೀನಿನ ಲೆಕ್ಕ ಒಂದು ಸಾಲೂ ಇರಲಿಲ್ಲ.

ರೆಡ್ ಲೇಕಿನಲ್ಲಿ ಎಲ್ಲವೂ ಸುಖಾಂತವಾಗಿದೆ ಎಂದು ಭಾವಿಸಬೇಕಿಲ್ಲ. 1889ರ ಮಾತುಕತೆಯಲ್ಲಿ ಇಡೀ ಸರೋವರ ತಮಗೇ ಉಳಿಯುತ್ತದೆಂದು ತಮ್ಮ ಹಿರಿಯರು ನಂಬಿದ್ದರು, ಪೂರ್ವದ ಪಾಲನ್ನು ಗೆರೆಯ ಹೊರಗಿಟ್ಟದ್ದು ಅನ್ಯಾಯ ಎಂಬ ಬುಡಕಟ್ಟಿನ ಅಳಲು ಹಾಗೆಯೇ ಇದೆ. ನಾನು ಓದಿದ ಮಟ್ಟಿಗೆ ಆ ಅಳಲಿನಲ್ಲಿ ಹುರುಳಿದೆ. ದಂಡೆಯಲ್ಲಿ ವಸತಿಗೃಹ, ದೋಣಿ, ಎರೆಯ ಅಂಗಡಿ ನಡೆಸುವವರಿಗೆ ಅದೇ ಮಾತು ಜೀವನೋಪಾಯದ ಭಯ.

ಹೊಸ ಒತ್ತಡ ಬಂದಿರುವುದು ಚಳಿಗಾಲದಿಂದ. ಆಳವಿಲ್ಲದ ಕಾರಣ ದೊಡ್ಡ ಸರೋವರಗಳ ಪೈಕಿ ಇದು ಬಹುಬೇಗ ಹೆಪ್ಪುಗಟ್ಟುತ್ತದೆ. ಮೊದಲ ಹಿಮಕ್ಕೆ ಕಾದು ಕುಳಿತವರೆಲ್ಲ ಇಲ್ಲಿಗೇ ಧಾವಿಸುತ್ತಾರೆ. ಮಂಜಿನ ಹಾಸಿನ ಮೇಲೆ ಒಲೆ, ಹಾಸಿಗೆ ಇರುವ ಗಾಲಿಮನೆಗಳನ್ನು ಎಳೆದೊಯ್ದು ನಿಲ್ಲಿಸಿ, ನೆಲದ ರಂಧ್ರದಿಂದ ಗಾಳ ಇಳಿಸುತ್ತಾರೆ. ಅದೇ ಅಗಲವಾದ ನೀರಿನ ಮೇಲಿನ ಅದೇ ಗಾಳಿ, ಎಳೆಯ ಹಿಮದ ಹಾಸನ್ನು ದಂಡೆಯಿಂದ ಸೀಳಿಬಿಡುತ್ತದೆ. 2022ರ ನವೆಂಬರಿನಲ್ಲಿ ಸುಮಾರು ಇನ್ನೂರು ಮಂದಿ, 2023ರ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಹೀಗೆ ತೇಲುವ ಹಿಮದ ತುಂಡಿನ ಮೇಲೆ ಸಿಕ್ಕಿಕೊಂಡು, ರಕ್ಷಣಾ ದಳದವರ ನೆರವಿನಿಂದ ದಡ ಸೇರಿದರು. ರಾಜ್ಯದ ಪಾಲಿನ ಮೀನಿನಲ್ಲಿ ಈಗ ಹೆಚ್ಚಿನದು ಬೇಸಿಗೆಯ ದೋಣಿಗಳಿಗಲ್ಲ, ಈ ಗಾಲಿಮನೆಗಳಿಗೆ ಸಿಗುತ್ತಿದೆ. ಎಕರೆಗೆ ಇಷ್ಟು ಪೌಂಡು ಎಂಬ ಲೆಕ್ಕ ಮೀರುವಂತಿಲ್ಲವಾದ್ದರಿಂದ, ಚಳಿಗಾಲ ಬರುವ ಮುನ್ನ ತಲೆಗೆ ಎಷ್ಟು ಮೀನು ಎಂಬ ಮಿತಿಯನ್ನು ಅಧಿಕಾರಿಗಳು ಹೊಸದಾಗಿ ಪ್ರಕಟಿಸುತ್ತಾರೆ. ನಾವು ತಂಗಿದ್ದ ವಸತಿಗೃಹದ ಕಟ್ಟೆಯಲ್ಲಿ ಕುಳಿತು ಮೀನು ಸೀಳುತ್ತಿದ್ದವರ ನಡುವೆ ಬೇಸಿಗೆಯ ಆ ಸಂಜೆಯೂ ವಾದ ನಡೆದಿದ್ದುದು ಮುಂದಿನ ಚಳಿಗಾಲಕ್ಕೆ ಮೂರೋ ನಾಲ್ಕೋ ಎಂಬುದರ ಬಗ್ಗೆ.