ಸುಂಕದವನ ಮುಂದೆ ಸುಖದುಃಖ

ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ಸೇರಿದ ದೇಶ ತನ್ನ ಗಡಿಯ ಗೇಟು ಕಿತ್ತು ಗುಜರಿಗೆ ಹಾಕಿದ ಹಾಗೆ ಎಂಬ ಮಾತಿಗೆ ಈಗ ಮೂವತ್ತು ವರ್ಷ ವಯಸ್ಸು. ಸುಂಕ ಸೊನ್ನೆಯಾಗುತ್ತದೆ, ಪರದೇಶದ ಮಾಲು ನುಗ್ಗುತ್ತದೆ, ಕೇಳುವವರೇ ಇರುವುದಿಲ್ಲ. ಡಬ್ಲ್ಯುಟಿಒವನ್ನು ಬೈಯುವವರು ಹೇಳುವುದೂ ಇದನ್ನೇ, ಹೊಗಳುವವರು ಹೇಳುವುದೂ ಇದನ್ನೇ. ಇಬ್ಬರೂ ಒಂದೇ ಸುಳ್ಳನ್ನು ನೆಚ್ಚಿಕೊಂಡು ಕಚ್ಚಾಡುವುದು ಮೊದಮೊದಲು ತಮಾಷೆಯಾಗಿ ಕಾಣುತ್ತದೆ, ಆಮೇಲೆ ತಲೆನೋವು ಬರುತ್ತದೆ.

ಈ ಜಗಳಕ್ಕೆ ಒಳ್ಳೆಯ ಮದ್ದು ಕಿರ್ಗಿಸ್ತಾನದ ಕತೆ. ಮಕ್ಕಳನ್ನು ಎಂಬಿಬಿಎಸ್‌ಗೆ ಬಿಷ್ಕೆಕ್‌ಗೆ ಕಳಿಸಿದ ಕನ್ನಡಿಗರಿಗೆ ಆ ದೇಶದ ಹೆಸರು ಗೊತ್ತು. ಬಿಷ್ಕೆಕ್‌ನ ಹೊರವಲಯದ ದೊರ್ದೊಯ್ ಸಂತೆಯ ವಿಷಯ ಗೊತ್ತಿರುವವರು ಕಡಿಮೆ. ಅಲ್ಲಿ ಅಂಗಡಿ ಕಟ್ಟಲು ಇಟ್ಟಿಗೆ ಬೇಕಿಲ್ಲ. ಹಡಗಿನಲ್ಲಿ ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ. ಕೆಳಗಿನ ಪೆಟ್ಟಿಗೆ ಅಂಗಡಿ, ಮೇಲಿನದು ಗೋದಾಮು. ಇಂಥ ಸಾವಿರಾರು ಪೆಟ್ಟಿಗೆಗಳ ಓಣಿಗಳಲ್ಲಿ ಚೀನಾದ ಬೂಟು, ಜಾಕೆಟ್ಟು, ಆಟಿಕೆ, ಪಾತ್ರೆ. ಸಮುದ್ರವನ್ನೇ ಕಾಣದ ದೇಶದ ಸಂತೆ ಹಡಗಿನ ಡಬ್ಬಗಳಲ್ಲಿ ನಡೆಯುತ್ತದೆ.

ಸೋವಿಯತ್ ಒಕ್ಕೂಟ ಒಡೆದಾಗ ಕಾರ್ಖಾನೆಗಳು ಮುಚ್ಚಿದವು, ಸಂಬಳ ನಿಂತಿತು. ಮೇಷ್ಟ್ರುಗಳು, ಎಂಜಿನಿಯರುಗಳು ಚೀಲ ಹೊತ್ತು ವ್ಯಾಪಾರಕ್ಕಿಳಿದರು. ಗಡಿಯಾಚೆಗೆ ಹೋಗಿ ಮಾಲು ತಂದು ಮಾರಿ ಮತ್ತೆ ಹೊರಡುವ ಇವರಿಗೆ ರಷ್ಯನ್ ಭಾಷೆಯಲ್ಲಿ ‘ಚೆಲ್ನೋಕಿ’ ಎಂದು ಹೆಸರು. ಚೆಲ್ನೋಕ್ ಎಂದರೆ ಮಗ್ಗದ ಲಾಳಿ. ಆ ಲಾಳಿಗಳ ದೇಶ 1998ರ ಡಿಸೆಂಬರ್ 20ರಂದು ಡಬ್ಲ್ಯುಟಿಒ ಸದಸ್ಯವಾಯಿತು. ಹಳೆಯ ಸೋವಿಯತ್ ಗಣರಾಜ್ಯಗಳಲ್ಲಿ ಅದೇ ಮೊದಲು. ಅರ್ಜಿ ಹಾಕಿ ಮೂರು ವರ್ಷವೂ ಆಗಿರಲಿಲ್ಲ. ಪಕ್ಕದ ಕಜಾಕಸ್ತಾನ 1996ರಲ್ಲೇ ಅರ್ಜಿ ಹಾಕಿ 2015ರ ನವೆಂಬರ್‌ವರೆಗೆ ಕಾಯಿತು. 1994ರಲ್ಲಿ ಅರ್ಜಿ ಕೊಟ್ಟ ಉಜ್ಬೇಕಿಸ್ತಾನ ಮೂವತ್ತು ವರ್ಷ ಕಳೆದರೂ ಒಳಗೆ ಬಂದಿರಲಿಲ್ಲ.

ಹಾಗಾದರೆ ಸದಸ್ಯತ್ವದಿಂದ ಸುಂಕ ಸೊನ್ನೆಯಾಯಿತೇ? ಇಲ್ಲ. ಡಬ್ಲ್ಯುಟಿಒ ಯಾವ ದೇಶಕ್ಕೂ ಸುಂಕ ಗೊತ್ತುಮಾಡಿ ಕೊಡುವುದಿಲ್ಲ. ಒಂದೊಂದು ಸರಕಿನ ಮೇಲೆ ‘ಇದಕ್ಕಿಂತ ಹೆಚ್ಚು ಹಾಕುವುದಿಲ್ಲ’ ಎಂದು ದೇಶವೇ ಮಾತು ಕೊಡುತ್ತದೆ. ಅದಕ್ಕೆ ಬದ್ಧ ಸುಂಕ ಎನ್ನುತ್ತಾರೆ. ಅದು ಸೂರಿನ ಎತ್ತರ ಮಾತ್ರ, ಅದರ ಕೆಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಕಿರ್ಗಿಸ್ತಾನ ಒಪ್ಪಿಕೊಂಡ ಸೂರಿನ ಸರಾಸರಿ ಶೇ 7.5. 1995ರಲ್ಲಿ ಸಂಸ್ಥೆ ಹುಟ್ಟಿದಾಗಿನಿಂದ ಒಳಗಿರುವ ಭಾರತದ್ದು ಶೇ 50ರ ಆಸುಪಾಸು. ಎರಡೂ ಸದಸ್ಯ ದೇಶಗಳೇ.

ದೊರ್ದೊಯ್ ಬೆಳೆದದ್ದಕ್ಕೆ ಕಾರಣ ಡಬ್ಲ್ಯುಟಿಒ ಕೇಂದ್ರವಾದ ಜಿನೀವಾದ ಸಹಿಯೊಂದೇ ಅಲ್ಲ. ನೆರೆಯವರ ಸುಂಕ ಹೆಚ್ಚಿತ್ತು, ಕಿರ್ಗಿಸ್ತಾನದ್ದು ಕಡಿಮೆಯಿತ್ತು. ಚೀನಾದಿಂದ ಬರುವ ಮಾಲಿಗೆ ಬಿಲ್ಲು ನೋಡುವ ಬದಲು ತೂಕ ನೋಡಿ ಸುಂಕ ಹಾಕುವ ಸರಳ ಪದ್ಧತಿಯೂ ಅಲ್ಲಿತ್ತು. ರೇಷ್ಮೆ ಅಂಗಿಯೋ ಪ್ಲಾಸ್ಟಿಕ್ ಚಪ್ಪಲಿಯೋ, ತಕ್ಕಡಿಗೆ ಎಲ್ಲವೂ ಕಿಲೋ. ಇದರ ಫಲ ಲೆಕ್ಕದ ಪುಸ್ತಕದಲ್ಲಿದೆ. 2008ರಲ್ಲಿ ಕಿರ್ಗಿಸ್ತಾನಕ್ಕೆ 900 ಕೋಟಿ ಡಾಲರ್‌ಗೂ ಮೇಲ್ಪಟ್ಟ ಸರಕು ಕಳಿಸಿದ್ದಾಗಿ ಚೀನಾ ಬರೆದುಕೊಂಡಿತು. ಕಿರ್ಗಿಸ್ತಾನ ಬರೆದುಕೊಂಡದ್ದು 100 ಕೋಟಿಗೂ ಕಡಿಮೆ. ಆ ವರ್ಷ ಇಡೀ ದೇಶದ ಉತ್ಪನ್ನವೇ ಸುಮಾರು 500 ಕೋಟಿ ಡಾಲರ್! ಪರದೇಶದ ಮಾಲು ದೇಶೀ ಉದ್ಯಮವನ್ನು ನುಂಗಿತು ಎನ್ನುವವರು ಇನ್ನೊಂದನ್ನೂ ನೋಡಲಿ. ಬಂದ ಸರಕಿನ ಜೊತೆ ಬಟ್ಟೆಯ ಥಾನುಗಳೂ ಇದ್ದವು. ಅವನ್ನು ಕತ್ತರಿಸಿ ಹೊಲಿದು ರಷ್ಯಾಕ್ಕೆ ಮಾರುವ ಸಿದ್ಧ ಉಡುಪಿನ ಉದ್ಯಮ ಬಿಷ್ಕೆಕ್‌ನ ಬೀದಿಬೀದಿಗಳಲ್ಲಿ ಹಬ್ಬಿತು.

ಗಡಿ ತೆರೆಯುವುದೆಂದರೆ ಏನೆಂದು ಕಲಿಯಲು ಮಾತ್ರ 2017ರ ಅಕ್ಟೋಬರಿಗೇ ಹೋಗಬೇಕು.

ಅಷ್ಟರಲ್ಲಿ ಕಜಾಕಸ್ತಾನವೂ ಡಬ್ಲ್ಯುಟಿಒ ಒಳಗಿತ್ತು. ಸಾಲದ್ದಕ್ಕೆ ಎರಡೂ ದೇಶಗಳು ರಷ್ಯಾ ಜೊತೆಗಿನ ಯುರೇಷ್ಯನ್ ಆರ್ಥಿಕ ಒಕ್ಕೂಟದಲ್ಲೂ ಇದ್ದವು. 2015ರ ಆಗಸ್ಟ್‌ನಲ್ಲಿ ಇಬ್ಬರ ನಡುವಿನ ಗಡಿಯ ಸುಂಕದ ಕಟ್ಟೆಗಳನ್ನೇ ಎತ್ತಿಹಾಕಿದ್ದರು. ಕಾಗದದ ಮೇಲೆ ಇದಕ್ಕಿಂತ ತೆರೆದ ಗಡಿ ಇರಲಾರದು. ಕಿರ್ಗಿಸ್ತಾನದಲ್ಲಿ ಚುನಾವಣೆ ಬಂತು. ಕಜಾಕಸ್ತಾನದ ಅಧ್ಯಕ್ಷ ನಜರ್‌ಬಾಯೆವ್ ವಿರೋಧಿ ಅಭ್ಯರ್ಥಿಯನ್ನು ಕರೆಸಿ ಮಾತನಾಡಿದರು. ಕಿರ್ಗಿಸ್ತಾನದ ಅಧ್ಯಕ್ಷ ಅತಂಬಾಯೆವ್ ಬಹಿರಂಗ ಸಭೆಯಲ್ಲಿ ಕಜಾಕಸ್ತಾನದ ಆಡಳಿತವನ್ನು ಝಾಡಿಸಿದರು. ಕೆಲವೇ ದಿನಗಳಲ್ಲಿ ಕಜಾಕಸ್ತಾನದ ಬದಿಯ ಕೊರ್ದಾಯ್ ಗಡಿಯಲ್ಲಿ ತಪಾಸಣೆ ಬಿಗಿಯಾಯಿತು. ಕಳ್ಳಸಾಗಣೆ ತಡೆಯಲು, ಆಹಾರದ ಗುಣಮಟ್ಟ ನೋಡಲು ಎಂಬ ಕಾರಣ ಬಂತು. ಲಾರಿಗಳು ಕಿಲೋಮೀಟರುಗಟ್ಟಲೆ ಸಾಲು ನಿಂತವು. ಡ್ರೈವರುಗಳು ಅಲ್ಲೇ ದಿನಗಟ್ಟಲೆ ಕಾದರು. ಕಿರ್ಗಿಸ್ತಾನ ಡಬ್ಲ್ಯುಟಿಒಗೆ ದೂರು ಒಯ್ದಿತು. ಆದರೆ ಸಾಲು ಕರಗಿದ್ದು ಜಿನೀವಾದಿಂದಲ್ಲ. ಅತಂಬಾಯೆವ್ ಅಧಿಕಾರದಿಂದ ಇಳಿದು, ಹೊಸ ಅಧ್ಯಕ್ಷ ಜೀನ್‌ಬೆಕೊವ್ ಬಂದು, ಡಿಸೆಂಬರಿನಲ್ಲಿ ಎರಡೂ ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಂಡ ಮೇಲೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂದು ಕನ್ನಡದ ಗಾದೆಗೆ ಎಂದೋ ಗೊತ್ತಿತ್ತು. ಇಲ್ಲಿ ಸುಂಕವೂ ಇರಲಿಲ್ಲ, ಸುಂಕದವನು ಮಾತ್ರ ಇದ್ದ.

ವ್ಯಾಪಾರ ಸಲೀಸಾಗುವುದು ಸುಂಕದ ದರಕ್ಕಿಂತ ಹೆಚ್ಚಾಗಿ ಈ ಸಾಲಿನಲ್ಲಿ. ಎಷ್ಟು ಕಾಗದ, ಎಷ್ಟು ಮೊಹರು, ಟೊಮೆಟೊ ಲಾರಿಯನ್ನು ಮೊದಲು ಬಿಡುತ್ತಾರೋ ಇಲ್ಲವೋ, ಶುಲ್ಕದ ಪಟ್ಟಿ ಮುಂಚೆಯೇ ಪ್ರಕಟವಾಗಿದೆಯೋ ಇಲ್ಲವೋ. 2017ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಡಬ್ಲ್ಯುಟಿಒದ ವ್ಯಾಪಾರ ಸುಗಮಗೊಳಿಸುವ ಒಪ್ಪಂದ ಹೇಳುವುದೆಲ್ಲ ಇಂಥ ಸಣ್ಣಪುಟ್ಟ ಸಂಗತಿಗಳನ್ನೇ. ಯಾವುದನ್ನು ಈಗಲೇ ಮಾಡುತ್ತೇವೆ, ಯಾವುದಕ್ಕೆ ಸಮಯ ಬೇಕು, ಯಾವುದಕ್ಕೆ ನೆರವು ಬೇಕು ಎಂದು ಅದರಲ್ಲಿ ಬಡ ದೇಶಗಳೇ ಬರೆದುಕೊಡುತ್ತವೆ. ಜಿನೀವಾ ಕತ್ತು ಹಿಡಿದು ಮಾಡಿಸುತ್ತದೆ ಎಂಬ ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯುವುದಿಲ್ಲ. ಡಬ್ಲ್ಯುಟಿಒ ಸಾಲ ಕೊಡುತ್ತದೆ ಎನ್ನುವವರಿದ್ದಾರೆ. ಅದು ವಿಶ್ವ ಬ್ಯಾಂಕು, ಐಎಂಎಫ್‌ಗಳ ಕೆಲಸ. ವಿಶ್ವಸಂಸ್ಥೆಯ ಅಂಗ ಎನ್ನುವವರಿದ್ದಾರೆ, ಅಲ್ಲ. ‘ಅತ್ಯಾಪ್ತ ರಾಷ್ಟ್ರ’ದ ಸ್ಥಾನವೆಂದರೆ ವಿಶೇಷ ಪ್ರೀತಿ ಎಂದುಕೊಂಡವರಂತೂ ಅಸಂಖ್ಯ. ಯಾರಿಗೂ ವಿಶೇಷ ಪ್ರೀತಿ ತೋರಿಸಬಾರದು ಎಂಬುದೇ ಆ ನಿಯಮ. ಭಾರತ 1996ರಲ್ಲಿ ಪಾಕಿಸ್ತಾನಕ್ಕೆ ಕೊಟ್ಟು 2019ರಲ್ಲಿ ಹಿಂತೆಗೆದುಕೊಂಡದ್ದು ಈ ಸಾಮಾನ್ಯ ಸ್ಥಾನವನ್ನೇ. ಹೆಸರಿಟ್ಟವರ ತಪ್ಪೂ ಸ್ವಲ್ಪ ಇದೆ, ಇರಲಿ.

ಕರ್ನಾಟಕದಲ್ಲಿ ಈ ಗೇಟು ಕಿತ್ತ ಕತೆಗೆ ಬೇರು ಡಬ್ಲ್ಯುಟಿಒ ಹುಟ್ಟಿಗೆ ದಾರಿಯಾದ ಡಂಕೆಲ್ ಪ್ರಸ್ತಾವದ ದಿನಗಳಲ್ಲಿದೆ. ಆಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ರೈತ ಸಂಘ ಎತ್ತಿದ ಬೀಜದ ಹಕ್ಕಿನ ಪ್ರಶ್ನೆ ಗಂಭೀರವಾದದ್ದು, ಅದು ಈಗಲೂ ಜೀವಂತ. ಆದರೆ ಅಡಿಕೆ ಬೆಲೆ ಬಿದ್ದಾಗಲೆಲ್ಲ ‘ಡಬ್ಲ್ಯುಟಿಒ ಕೈ ಕಟ್ಟಿಹಾಕಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶಕ್ಕೆ ಆ ಗಾಂಭೀರ್ಯ ಇಲ್ಲ. ಅಡಿಕೆಗೆ ಭಾರತ ಹಾಕುವ ಆಮದು ಸುಂಕ ನೂರಕ್ಕೆ ನೂರು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದು ದೆಹಲಿ. ಅದಕ್ಕೂ ಮುಂಚಿನ ವರ್ಷ ಭೂತಾನದ ಹಸಿ ಅಡಿಕೆ 17,000 ಟನ್‌ವರೆಗೆ ಕನಿಷ್ಠ ಬೆಲೆಯ ಹಂಗಿಲ್ಲದೆ ಬರಲಿ ಎಂದದ್ದೂ ದೆಹಲಿಯೇ. ಬೈಯಬೇಕಾದವರ ವಿಳಾಸ ಇಷ್ಟು ಹತ್ತಿರವಿದ್ದರೂ ಜನ ಜಿನೀವಾಕ್ಕೇ ಕಾಗದ ಬರೆಯುತ್ತಾರೆ. ದೂರದ ದೆವ್ವವನ್ನು ನಂಬುವುದು ಸುಲಭ, ಅದು ಎದುರಿಗೆ ಬಂದು ಲೆಕ್ಕ ಕೇಳುವುದಿಲ್ಲ.

ಇತ್ತ ಕಿರ್ಗಿಸ್ತಾನದಲ್ಲಿ 2024ರ ಡಿಸೆಂಬರ್ 27ರಂದು ಚೀನಾ–ಕಿರ್ಗಿಸ್ತಾನ–ಉಜ್ಬೇಕಿಸ್ತಾನ ರೈಲು ಮಾರ್ಗದ ಕಾಮಗಾರಿಗೆ ಚಾಲನೆ ಸಿಕ್ಕಿತು. ಇನ್ನು ಲಾರಿ, ಘಾಟಿ, ಹಿಮ ಏನೂ ಇಲ್ಲ, ಸರಕು ಸೀದಾ ಹರಿಯುತ್ತದೆ ಎಂದು ಬರೆದವರೂ ಇದ್ದಾರೆ. ಚೀನಾದ ಹಳಿಗಳ ನಡುವಿನ ಅಗಲ 1,435 ಮಿಲಿಮೀಟರ್. ಹಳೆಯ ಸೋವಿಯತ್ ಹಳಿಗಳದ್ದು 1,520. ಕ್ರೇನು ಬಂದು ಪೆಟ್ಟಿಗೆಗಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಎತ್ತಿಡುವವರೆಗೆ, ಆ ಎಂಬತ್ತೈದು ಮಿಲಿಮೀಟರ್‌ಗಾಗಿ ಗಾಡಿ ನಿಂತು ಕಾಯಬೇಕು.