ಹಿತ್ತಲ ಬಾಗಿಲಿನ ವಿದ್ಯುತ್ತು

ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರಗಳಲ್ಲಿ ಲೆಕ್ಕವನ್ನು ಬರೆದಿಡುವ ಎಸ್‌ಡಿ ಕಾರ್ಡಿಗೆ ಸದಾಕಾಲವೂ ವಿದ್ಯುತ್ತು ಬೇಕಿಲ್ಲ. ಕೆಲಸ ಮುಗಿದೊಡನೆ ಅದರ 3.3 ವೋಲ್ಟಿನ ಸರಬರಾಜನ್ನು ನಿಲ್ಲಿಸುವುದು ಮಿತವ್ಯಯದ ಕ್ರಮವೇ ಸರಿ. ಆದರೂ ಕೆಲವು ಯಂತ್ರಗಳಲ್ಲಿ ಬ್ಯಾಟರಿ ಬೇಗನೆ ಬರಿದಾಗುವುದುಂಟು. ಕಾರಣವೇನು?

ಸರಬರಾಜು ನಿಂತರೂ, ನಿಯಂತ್ರಕ ಚಿಪ್ಪಿನಿಂದ ಕಾರ್ಡಿಗೆ ಹೋಗುವ ಸಂಕೇತದ ತಂತಿಗಳು ಮೇಲಿನ ವೋಲ್ಟಿನಲ್ಲಿಯೇ ಉಳಿದಿರುತ್ತವೆ. ಅವುಗಳ ಮೂಲಕ, ಕಾರ್ಡಿನೊಳಗಿನ ರಕ್ಷಣಾ ಡಯೋಡನ್ನು ಹಾಯ್ದು ವಿದ್ಯುತ್ತು ಒಳಸೇರುತ್ತದೆ. ಹೋಟೆಲಿನ ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲನ್ನು ತೆರೆದಿಟ್ಟರೆ ಆಗುವ ನಷ್ಟವನ್ನು ನಾವೆಲ್ಲ ಬಲ್ಲೆವಷ್ಟೆ! ಅಲ್ಲದೆ, ಹೀಗೆ ಅರೆಜೀವವಾಗಿ ಉಳಿದ ಕಾರ್ಡು ಮರಳಿ ಎಬ್ಬಿಸಿದಾಗ ಸರಿಯಾಗಿ ಏಳದೆ ಮೊಂಡು ಹಿಡಿಯಬಹುದು. ದಿನದ ಲೆಕ್ಕವೇ ದಾಖಲಾಗದೆ ಹೋದೀತು.

1000 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸತತವಾಗಿ 1 ಮಿಲಿ ಆಂಪಿಯರ್ ಸೋರಿದರೆ ಲೆಕ್ಕಕ್ಕೆ ಸುಮಾರು 41 ದಿನ ಬಾಳಿಕೆ. 50 ಮೈಕ್ರೋ ಆಂಪಿಯರಿಗಿಳಿದರೆ ಎರಡು ವರ್ಷಕ್ಕೂ ಮಿಕ್ಕಿ.

ಆದಕಾರಣ ಸರಬರಾಜನ್ನು ನಿಲ್ಲಿಸುವಾಗಲೇ ಸಂಕೇತದ ತಂತಿಗಳನ್ನೂ ಸೊನ್ನೆ ವೋಲ್ಟಿಗೆ ಇಳಿಸತಕ್ಕದ್ದು. ಅವುಗಳನ್ನು ಮೇಲಕ್ಕೆ ಹಿಡಿದಿಡುವ ಪುಲ್‌ಅಪ್ ರೋಧಕಗಳನ್ನು, ನಿಲ್ಲಿಸಲ್ಪಡುವ ಆ ಸರಬರಾಜಿಗೇ ಜೋಡಿಸತಕ್ಕದ್ದು. ಮತ್ತೆ ನಡೆಸುವಾಗ ಮೊದಲು ಸರಬರಾಜು, ಅನಂತರ ಸಂಕೇತ. ಬಾಗಿಲು ಹಾಕುವುದಾದರೆ ಎರಡನ್ನೂ ಹಾಕುವುದೇ ಜಾಣತನ.